ನಗಿಸಿ ಹೋದವರನ್ನು ನೆನೆಯುವ ಬಗೆ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ನಮ್ಮ ಜಿಲ್ಲೆಯ ಒಬ್ಬ ದೊಡ್ಡ ಮನುಷ್ಯರ ಬಗ್ಗೆ ಮಾತನಾಡಿ ಎಂದು ಸಂಘಟಕರು ನನಗೆ ತಿಳಿಸಿದಾಗ ಮೊದಲು ಮನಸ್ಸಿಗೆ ಬಂದವರು ಹಜರತ್ ಬಾಬಾ ಬುಡನ್. 17ನೇ ಶತಮಾನದಲ್ಲಿ ಅವರು ಯೆಮೆನ್ ದೇಶದ ಮೋಖಾದಿಂದ 7 ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ನೀವೆಲ್ಲ ಚಿಕ್ಕಂದಿನಿಂದ ಕೇಳಿದ್ದೀರಿ. ಆದರೆ ಅವರ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡಬಲ್ಲವರು ಇದೇ ಸಭೆಯಲ್ಲಿದ್ದಾರೆ. ಆದ್ದರಿಂದ ನಾನು ಇಂದು ಇಬ್ಬರು ಗಂಡಂದಿರ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಒಬ್ಬರು ನಿಮಗೆಲ್ಲ ಗೊತ್ತಿರುವವರು, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು. ಇನ್ನೊಬ್ಬರು ಯಾರಿಗೂ ಗೊತ್ತಿಲ್ಲದವರು, ಕಳಸದ ಕಡೆಯ ಒಂದು ತೋಟದಲ್ಲಿ ರೈಟರಾಗಿದ್ದ ನನ್ನ ಮಾಮ. ಇಬ್ಬರೂ ನಗಿಸುತ್ತಿದ್ದವರು. ಇಬ್ಬರೂ ಈಗಿಲ್ಲ. ಒಬ್ಬರ ನಗು ಪುಸ್ತಕಗಳಲ್ಲಿ ಉಳಿದಿದೆ. ಇನ್ನೊಬ್ಬರ ನಗು ನನ್ನ ಮಾಮಿಯ ಬಾಯಲ್ಲಿ ಮಾತ್ರ ಉಳಿದಿದೆ. ಈ ವ್ಯತ್ಯಾಸವೇ ನನ್ನ ಇಂದಿನ ವಿಷಯ.

ಮೊದಲು ತೇಜಸ್ವಿಯವರು. ಅವರು ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತಂದೆ ಮಹಾಕವಿ ಕುವೆಂಪು. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದ ಮೇಲೆ ಅವರು ನೌಕರಿ ಹುಡುಕಿಕೊಂಡು ಹೋಗಲಿಲ್ಲ. ತಂದೆಯ ಹೆಸರು ಹೇಳಿಕೊಂಡು ಮೈಸೂರಿನಲ್ಲಿಯೇ ನೆಮ್ಮದಿಯಾಗಿ ಇರಬಹುದಿತ್ತು. ಅದನ್ನು ಬಿಟ್ಟು 1960ರ ದಶಕದಲ್ಲಿ ಮೂಡಿಗೆರೆಗೆ ಬಂದು ಕಾಫಿ ತೋಟ ಮಾಡಿದರು. ಮೊದಲ ತೋಟದ ಹೆಸರು ‘ಚಿತ್ರಕೂಟ’, ನಂತರದ ಮನೆಯ ಹೆಸರು ‘ನಿರುತ್ತರ’. ಆ ‘ನಿರುತ್ತರ’ದಲ್ಲಿಯೇ 2007ರ ಏಪ್ರಿಲ್ 5ರಂದು ಹೃದಯಾಘಾತದಿಂದ ತೀರಿಕೊಂಡರು.

ಅವರ ಪುಸ್ತಕಗಳ ಪಟ್ಟಿಯನ್ನು ಇಲ್ಲಿ ಹೇಳುತ್ತಾ ಹೋಗುವುದಿಲ್ಲ. ‘ಕರ್ವಾಲೊ’, ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’, ‘ಪರಿಸರದ ಕತೆ’ ಇವೆಲ್ಲ ನಮ್ಮ ಶಾಲಾ ಕಾಲೇಜುಗಳ ಗ್ರಂಥಾಲಯಗಳಲ್ಲಿ ಹರಿದು ಹೋಗುವಷ್ಟು ಓದಿಸಿಕೊಂಡ ಪುಸ್ತಕಗಳು. ನಾನು ಹೇಳಬೇಕೆಂದಿರುವುದು ಅವರ ನಗುವಿನ ಬಗ್ಗೆ. ನಮ್ಮಲ್ಲಿ ನಗಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಯಾರನ್ನು ನೋಡಿ ನಗುತ್ತಾರೆ ಎಂಬುದು ಮುಖ್ಯ. ‘ಕರ್ವಾಲೊ’ ಓದಿದವರಿಗೆ ಮಂದಣ್ಣ ನೆನಪಿರಬಹುದು. ಊರೆಲ್ಲ ಅವನನ್ನು ಕೆಲಸಕ್ಕೆ ಬಾರದವನು ಎನ್ನುತ್ತದೆ. ಆದರೆ ದೊಡ್ಡ ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟಾ ಪ್ರಕೃತಿ ವೀಕ್ಷಕನನ್ನು ಕಾಣುತ್ತಾರೆ, ಹಾರುವ ಓತಿಯನ್ನು ಹುಡುಕಲು ಅವನನ್ನೇ ನೆಚ್ಚಿಕೊಳ್ಳುತ್ತಾರೆ. ಪುಸ್ತಕದ ಉದ್ದಕ್ಕೂ ನಾವು ನಗುತ್ತೇವೆ. ಮುಗಿಸುವ ಹೊತ್ತಿಗೆ ಮಂದಣ್ಣನನ್ನು ದಡ್ಡ ಎಂದುಕೊಂಡಿದ್ದ ನಮ್ಮ ಬುದ್ಧಿವಂತಿಕೆಯ ಬಗ್ಗೆಯೇ ನಗು ಬರುತ್ತದೆ. ಇದು ತೇಜಸ್ವಿಯವರ ಕ್ರಮ. ಕೆಳಗಿರುವವನನ್ನು ನೋಡಿ ನಗುವುದಿಲ್ಲ, ಮೇಲಿದ್ದೇನೆ ಎಂದುಕೊಂಡವನ ಕಾಲ ಕೆಳಗಿನ ಚಾಪೆಯನ್ನು ಮೆಲ್ಲಗೆ ಎಳೆಯುತ್ತಾರೆ.

ನಮ್ಮ ವಿದ್ಯಾರ್ಥಿಗಳು ಓದಲೇಬೇಕಾದ ಅವರ ಕತೆಯೊಂದಿದೆ, ‘ಡೇರ್‌ಡೆವಿಲ್ ಮುಸ್ತಾಫಾ’. ಇದು 1973ರಲ್ಲಿ ಬಂದ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿದೆ. ಅದುವರೆಗೆ ಮುಸ್ಲಿಂ ಹುಡುಗರೇ ಇಲ್ಲದ ಒಂದು ತರಗತಿಗೆ ಮುಸ್ತಾಫಾ ಬರುತ್ತಾನೆ. ಉಳಿದ ಹುಡುಗರಿಗೆ ಅವನ ಹೆಸರು, ಅವನ ವೇಷ, ಅವನ ಮಾತು ಎಲ್ಲವೂ ವಿಚಿತ್ರ. ಅವನ ಬಗ್ಗೆ ಅವರಿಗೆ ಏನೇನೂ ಗೊತ್ತಿಲ್ಲ, ಆದರೆ ಎಲ್ಲ ಗೊತ್ತಿದೆ ಎಂದುಕೊಂಡಿರುತ್ತಾರೆ. ಇಂಥ ಕತೆಯನ್ನು ಉಪದೇಶ ಮಾಡಿ ಬರೆಯಬಹುದು, ಕಣ್ಣೀರು ತರಿಸಿಯೂ ಬರೆಯಬಹುದು. ತೇಜಸ್ವಿ ನಗಿಸಿ ಬರೆದರು. 2023ರಲ್ಲಿ ಈ ಕತೆ ಸಿನಿಮಾ ಆಗಿ ಬಂತು. ಅದಕ್ಕೆ ಹಣ ಹಾಕಿದವರು ತೇಜಸ್ವಿಯವರ ಓದುಗರು ಎಂಬುದು ಗಮನಿಸಬೇಕಾದ ಸಂಗತಿ. ಲೇಖಕರು ತೀರಿಕೊಂಡು 16 ವರ್ಷಗಳಾದ ಮೇಲೆ ಅವರ ಒಂದು ಸಣ್ಣ ಕತೆಗಾಗಿ ಓದುಗರು ಕೈಯಿಂದ ದುಡ್ಡು ಹಾಕುತ್ತಾರೆಂದರೆ ಆ ನಗುವಿಗೆ ಎಷ್ಟು ಬಾಳಿಕೆ ಇದೆ ನೋಡಿ. ‘ಚಿದಂಬರ ರಹಸ್ಯ’ದಲ್ಲಿಯೂ ರಫಿ ಮತ್ತು ಜಯಂತಿ ಎಂಬ ಇಬ್ಬರು ಯುವಜನರ ಪ್ರೀತಿಯ ಸುತ್ತ ಕೆಸರೂರೆಂಬ ಊರು ಹೇಗೆ ಕುದಿಯುತ್ತದೆ ಎಂಬುದನ್ನು ಅವರು ಬರೆದಿದ್ದಾರೆ. ಆ ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ತೇಜಸ್ವಿಯವರು ಆಚರಣೆಗಳಲ್ಲಿ ನಂಬಿಕೆ ಇಟ್ಟವರಲ್ಲ. ಧರ್ಮದ ವಿಷಯದಲ್ಲಿ ಅವರ ದಾರಿ ಬೇರೆ, ನಮ್ಮ ದಾರಿ ಬೇರೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಒಬ್ಬ ಒಳ್ಳೆಯ ಮನುಷ್ಯನಿಂದ ಕಲಿಯಲು ಅವನ ಎಲ್ಲ ಮಾತನ್ನೂ ಒಪ್ಪಬೇಕೆಂದೇನೂ ಇಲ್ಲ.

ಇನ್ನು ಗಂಡನಾಗಿ ತೇಜಸ್ವಿ. ಮೈಸೂರಿನಲ್ಲಿ ಓದುವಾಗ ತತ್ತ್ವಶಾಸ್ತ್ರದ ವಿದ್ಯಾರ್ಥಿನಿ ರಾಜೇಶ್ವರಿಯವರನ್ನು ಪ್ರೀತಿಸಿದರು. 1966ರ ನವೆಂಬರ್ 27ರಂದು ಮದುವೆಯಾದರು. ಆ ಮದುವೆಗಾಗಿಯೇ ಕುವೆಂಪು ಅವರು ‘ಮಂತ್ರ ಮಾಂಗಲ್ಯ’ ಎಂಬ ಸರಳ ವಿವಾಹದ ಕ್ರಮವನ್ನು ರೂಪಿಸಿದರು. ಅದರಲ್ಲಿ ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ವಧುವಿಗೆ ವರನು ಮಹರ್ ಕೊಡಬೇಕೆಂಬ ಧರ್ಮದಲ್ಲಿ ಹುಟ್ಟಿಯೂ ವಧುವಿನ ಮನೆಯಿಂದ ಕೇಳಿ ತೆಗೆದುಕೊಳ್ಳುವ ನಮ್ಮ ಕೆಲವರು ಈ ಸರಳತೆಯನ್ನು ಕಂಡು ನಾಚಬೇಕು.

ಈಗ ನಾನು ನಿಮಗೊಂದು ಪ್ರಶ್ನೆ ಕೇಳುತ್ತೇನೆ. ತೇಜಸ್ವಿಯವರು ಮನೆಯಲ್ಲಿ ಹೇಗಿದ್ದರು ಎಂಬುದು ನಮಗೆ ಹೇಗೆ ಗೊತ್ತು? ಅವರ ಸ್ಕೂಟರನ್ನು ಮೂಡಿಗೆರೆಯ ಪೇಟೆಯಲ್ಲಿ ನಾವು ನೋಡಿದ್ದೇವೆ. ಮೀನು ಹಿಡಿಯುವ ಹುಚ್ಚು, ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು, ಕನ್ನಡಕ್ಕೆ ಒಳ್ಳೆಯ ಕಂಪ್ಯೂಟರ್ ತಂತ್ರಾಂಶ ಬೇಕೆಂದು ಅವರು ಪಟ್ಟ ಪಾಡು ಎಲ್ಲವೂ ಗೊತ್ತು. ‘ಪರಿಸರದ ಕತೆ’ಯಲ್ಲಿ ಮನೆಯವರು, ಕಿವಿ ಎಂಬ ನಾಯಿ, ಮಾರ, ಮಾಸ್ತಿ, ಬೈರ ಮೊದಲಾದವರೊಡನೆ ಅವರ ದಿನ ಹೇಗೆ ಕಳೆಯುತ್ತಿತ್ತು ಎಂಬುದನ್ನು ಅವರೇ ಹೇಳಿದ್ದಾರೆ. ಆದರೆ ಗಂಡ ಎಂಥವನು ಎಂಬುದನ್ನು ಗಂಡನೇ ಹೇಳಿದರೆ ಅದಕ್ಕೆ ಸಾಕ್ಷಿ ಸಾಲದು. ಅದನ್ನು ಹೇಳಿದವರು ರಾಜೇಶ್ವರಿಯವರು. ಅದುವರೆಗೆ ತೋಟ, ಮನೆ, ಇಬ್ಬರು ಹೆಣ್ಣುಮಕ್ಕಳು ಎಂದು ಇದ್ದುಬಿಟ್ಟಿದ್ದ ಅವರು ಗಂಡ ತೀರಿಕೊಂಡ ಮೇಲೆ, ತಮ್ಮ 70ನೆಯ ವಯಸ್ಸಿನ ಆಚೆ, ಪೆನ್ನು ಹಿಡಿದು ‘ನನ್ನ ತೇಜಸ್ವಿ’ ಎಂಬ ದೊಡ್ಡ ಪುಸ್ತಕ ಬರೆದರು. ಪ್ರೀತಿಸಿದ ದಿನಗಳು, ಬರೆದುಕೊಂಡ ಪತ್ರಗಳು, ಮದುವೆ, ಕಾಡಿನ ನಡುವಿನ ಸಂಸಾರ ಎಲ್ಲವೂ ಅದರಲ್ಲಿ ಬಂದವು. 2021ರ ಡಿಸೆಂಬರ್‌ನಲ್ಲಿ ಅವರೂ ತೀರಿಕೊಂಡರು. ಆ ಪುಸ್ತಕ ಅವರು ಬರೆಯದೇ ಇದ್ದಿದ್ದರೆ ಆ ಸಂಸಾರವೆಲ್ಲ ಅವರ ಜೊತೆಗೇ ಹೋಗುತ್ತಿತ್ತು.

ತೇಜಸ್ವಿಯವರು ತಮ್ಮ ತಂದೆಯ ಬಗ್ಗೆ ‘ಅಣ್ಣನ ನೆನಪು’ ಬರೆದದ್ದೂ ಹೀಗೆಯೇ. 1996ರಲ್ಲಿ ಬಂದ ಆ ಪುಸ್ತಕದಲ್ಲಿ ರಾಷ್ಟ್ರಕವಿಯನ್ನು ಪೀಠದ ಮೇಲೆ ಕೂರಿಸಿ ಹೂವಿನ ಹಾರ ಹಾಕಿಲ್ಲ. ಮನೆಯಲ್ಲಿ ಓಡಾಡುವ, ಮಕ್ಕಳ ತರಲೆಗಳನ್ನು ಸಹಿಸಿಕೊಳ್ಳುವ ಅಪ್ಪನನ್ನು ತೋರಿಸಿದ್ದಾರೆ. ಓದಿನಲ್ಲಿ ತಾನು ಅಂಥ ಜಾಣನಾಗಿರಲಿಲ್ಲ ಎಂಬುದನ್ನೂ ಮುಚ್ಚುಮರೆ ಮಾಡಿಲ್ಲ. ಓದಿದವರಿಗೆ ಕುವೆಂಪು ಚಿಕ್ಕವರಾಗಿ ಕಾಣುವುದಿಲ್ಲ, ಹತ್ತಿರದವರಾಗಿ ಕಾಣುತ್ತಾರೆ. ಸತ್ತವರನ್ನು ನೆನೆಯುವುದಕ್ಕೆ ಹೊಗಳಿಕೆ ಸಾಲದು ಎಂಬುದನ್ನು ನಾನು ಈ ಎರಡು ಪುಸ್ತಕಗಳಿಂದ ಕಲಿತೆ.

ಇಷ್ಟು ಹೇಳಿ, ಯಾರಿಗೂ ಗೊತ್ತಿಲ್ಲದ ನನ್ನ ಮಾಮನ ಕಡೆಗೆ ಬರುತ್ತೇನೆ.

ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಕಳಸ ಆಗ ಮೂಡಿಗೆರೆ ತಾಲ್ಲೂಕಿನಲ್ಲಿತ್ತು. ಮಾಮ ಅಲ್ಲಿಯ ಒಂದು ತೋಟದಲ್ಲಿ 30ಕ್ಕೂ ಹೆಚ್ಚು ವರ್ಷ ರೈಟರಾಗಿದ್ದರು. ತೋಟದ ರೈಟರೆಂದರೆ ಏನೆಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಚೆಕ್‌ರೋಲ್ ಬರೆಯುವುದು, ಕೊಯ್ಲಿನ ಕಾಲದಲ್ಲಿ ಹಣ್ಣಿನ ತೂಕ ಹಿಡಿಯುವುದು, ಬಟವಾಡೆಯ ದಿನ ಲೆಕ್ಕ ಒಪ್ಪಿಸುವುದು. ಮಾಮ ಹೇಳುತ್ತಿದ್ದರು: “ಮೂಡಿಗೆರೆಯಲ್ಲಿ ತೇಜಸ್ವಿಯವರೂ ರೈಟರ್, ಇಲ್ಲಿ ನಾನೂ ರೈಟರ್. ಅವರು ಬರೆದದ್ದನ್ನು ಇಡೀ ಕರ್ನಾಟಕ ಓದುತ್ತೆ, ನಾನು ಬರೆದದ್ದನ್ನು ಸಾಹುಕಾರ್ರು ಒಬ್ಬರೇ ಓದೋದು. ಆದರೆ ಅವರು ತಪ್ಪು ಬರೆದರೆ ಯಾರ ಮನೆಯಲ್ಲೂ ಗಂಜಿ ನಿಲ್ಲೋದಿಲ್ಲ, ನಾನು ಒಂದು ಗೆರೆ ತಪ್ಪಿದರೆ ಲೈನಿನಲ್ಲಿ ಒಂದು ಒಲೆ ಉರಿಯೋದಿಲ್ಲ.”

ನಗಿಸುವ ಮಾತಿನ ಕೊನೆಗೆ ಇಂಥದ್ದೊಂದು ತೂಕ ಇಡುವುದು ಅವರ ಸ್ವಭಾವ. ಚೆಕ್‌ರೋಲಿನಲ್ಲಿ ಹೆಣ್ಣಾಳುಗಳ ಹೆಸರನ್ನು ಬಾಯಿಗೆ ಬಂದಂತೆ ಗೀಚುವುದು ಸಾಮಾನ್ಯವಾಗಿತ್ತು. ಮಾಮ ಮಾತ್ರ ಪ್ರತಿಯೊಬ್ಬರನ್ನೂ “ನಿನ್ನ ಪೂರ್ತಿ ಹೆಸರು ಏನಮ್ಮ?” ಎಂದು ಕೇಳಿ ಬರೆಯುತ್ತಿದ್ದರು.

ಕಳಸದ ಮಳೆ ನಿಮಗೆ ಗೊತ್ತಿದೆ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವ ಮಾತಿಲ್ಲ. ನಾವು ಮಕ್ಕಳು ರಜೆಗೆಂದು ಹೋದಾಗ ಒಳಗಿನಿಂದ “ಮಾಮ, ಮಳೆ ನಿಂತಿತಾ?” ಎಂದು ಕೂಗಿದರೆ ಅವರು ಜಗಲಿಯಿಂದ “ನಿಂತಿಲ್ಲ ಮಕ್ಕಳೇ, ಸ್ವಲ್ಪ ಕೂತಿದೆ” ಎನ್ನುತ್ತಿದ್ದರು. ಇಂದಿಗೂ ಮಳೆ ಸ್ವಲ್ಪ ಕಡಿಮೆಯಾದಾಗ ನಮ್ಮ ಮನೆಯಲ್ಲಿ ಯಾರಾದರೊಬ್ಬರು “ಕೂತಿದೆ” ಎನ್ನುತ್ತಾರೆ.

ಅವರ ಒಂದು ತಪ್ಪನ್ನೂ ಹೇಳಬೇಕು. ಹೇಳದಿದ್ದರೆ ನಾನು ಮೇಲೆ ಹೇಳಿದ ಮಾತಿಗೆ ಅರ್ಥವಿಲ್ಲ. ಪಲ್ಪರ್ ಮನೆಗೆ ಹೊಸದಾಗಿ ಬಂದ ಹುಡುಗನೊಬ್ಬ ಮಾತಿನಲ್ಲಿ ತೊದಲುತ್ತಿದ್ದ. ಒಂದು ದಿನ ಕಣದಲ್ಲಿ ಎಲ್ಲರೂ ಸೇರಿದ್ದಾಗ ಮಾಮ ಅವನ ತೊದಲನ್ನು ಅನುಕರಿಸಿ ಮಾತನಾಡಿದರು. ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಮಾರನೆಯ ದಿನ ಅವನು ಕೆಲಸಕ್ಕೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಸಂಜೆ ಮಾಮ ಕೊಡೆ ಹಿಡಿದುಕೊಂಡು ಲೈನಿಗೆ ನಡೆದು ಹೋಗಿ, ಅವನ ತಾಯಿಯ ಎದುರಿಗೇ “ತಪ್ಪಾಯಿತು ಮಗಾ” ಎಂದು ಕೈ ಮುಗಿದರಂತೆ. ರೈಟರು ಆಳಿನ ಮಗನಿಗೆ ಕೈ ಮುಗಿಯುವುದೆಂದರೆ ಆ ಕಾಲದಲ್ಲಿ ಸಣ್ಣ ವಿಷಯವಲ್ಲ. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿ ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡಬಾರದು, ಅಡ್ಡಹೆಸರಿಟ್ಟು ಕರೆಯಬಾರದು ಎಂಬ ಆದೇಶವಿದೆ. ಗೇಲಿಗೆ ಒಳಗಾದವರೇ ಗೇಲಿ ಮಾಡುವವರಿಗಿಂತ ಉತ್ತಮರಾಗಿರಬಹುದು ಎಂದೂ ಅಲ್ಲಿ ತಿಳಿಸಲಾಗಿದೆ. ಮಾಮ ಆ ಅಧ್ಯಾಯವನ್ನು ಮದ್ರಸದಲ್ಲಿ ಓದಿದ್ದರು. ಆದರೆ ಅದರ ಅರ್ಥ ತಿಳಿದದ್ದು ಆ ಲೈನ್ ಮನೆಯ ಬಾಗಿಲಲ್ಲಿ ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದಿನಿಂದ ಅವರ ತಮಾಷೆಗೆ ಗುರಿಯಾದವರು ಎರಡೇ ಜನ. ಒಂದು ತಾವು, ಇನ್ನೊಂದು ಮಳೆ.

ಕ್ಷಮಿಸಿ, ಮೂರು ಜನ ಎನ್ನಬೇಕು. ನನ್ನ ಮಾಮಿಯನ್ನು ಮರೆತೆ.

ಮಾಮಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಮನೆಯ ಮಾತು ಬ್ಯಾರಿ. ಮಧ್ಯಾಹ್ನದ ಬಸ್ಸಿನಲ್ಲಿ ಪೇಪರ್ ಬರುತ್ತಿತ್ತು. ಮಗ್ರಿಬ್ ನಮಾಜಿನ ನಂತರ ಮಾಮ ಅದನ್ನು ಓದಿ ಮಾಮಿಗೆ ಬ್ಯಾರಿಯಲ್ಲಿ ಹೇಳುವುದು ಪ್ರತಿದಿನದ ಕ್ರಮ. ವಿಧಾನಸಭೆ, ಕಾಫಿ ದರ, ಅಪಘಾತ, ಮಳೆ ಎಲ್ಲ ಆದ ಮೇಲೆ ಕೊನೆಗೆ ಒಂದು ಸುದ್ದಿ ಇರುತ್ತಿತ್ತು: “ಕಳಸದ ಬಳಿ ಒಬ್ಬ ಮಹಿಳೆ ಮಾಡಿದ ಪತ್ತಿರಿ ತಿಂದ ಗಂಡ ಕುರ್ಚಿಯಿಂದ ಏಳಲಾರದೆ ಹೋದ. ನಾಲ್ಕು ಜನ ಸೇರಿ ಎಬ್ಬಿಸಿದರು. ತನಿಖೆ ಮುಂದುವರಿದಿದೆ.” ಮರುದಿನ ಇನ್ನೊಂದು. ಮಾಮಿ ಬಹಳ ಕಾಲ ಅರ್ಧ ನಂಬಿ ಅರ್ಧ ಅನುಮಾನ ಪಡುತ್ತಿದ್ದರು. 1990ರ ದಶಕದಲ್ಲಿ ಸಾಕ್ಷರತಾ ಆಂದೋಲನ ನಮ್ಮ ಊರುಗಳಿಗೂ ಬಂದಾಗ ಮಾಮಿ ಹೋಗಿ ಹೆಸರು ಬರೆಸಿದರು. ಯಾಕೆ ಎಂದು ಕೇಳಿದವರಿಗೆ, “ಈ ಮನುಷ್ಯ ದಿನಾ ಎಷ್ಟು ಸುಳ್ಳು ಓದ್ತಾರೆ ಅಂತ ಲೆಕ್ಕ ಹಿಡೀಬೇಕು” ಎಂದರಂತೆ.

ಮಾಮ ತಡೆಯಲಿಲ್ಲ. ತಡೆಯುವ ಗಂಡಂದಿರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರು ಸ್ಲೇಟು ತಂದುಕೊಟ್ಟರು, ರಾತ್ರಿ ಕುಳಿತು ಕಾಗುಣಿತ ತಿದ್ದಿಸಿದರು. ಕೆಲವು ತಿಂಗಳ ನಂತರ ಒಂದು ಸಂಜೆ ಮಾಮಿ ಪೇಪರನ್ನು ಎಳೆದುಕೊಂಡು ಬೆರಳಿಟ್ಟು ಪುಟಪುಟವೂ ಹುಡುಕಿ “ನೀವು ಹೇಳಿದ ಸುದ್ದಿ ಎಲ್ಲಿದೆ, ತೋರಿಸಿ” ಎಂದರು. ಮಾಮ ಕನ್ನಡಕ ಸರಿಮಾಡಿಕೊಂಡು, “ಅದು ಮೂಡಿಗೆರೆಯ ಪೇಪರಿನಲ್ಲಿ ಮಾತ್ರ ಬಂದಿದೆ, ಕಳಸಕ್ಕೆ ಬರೋ ಪೇಪರಿನಲ್ಲಿ ಹಾಕಿಲ್ಲ” ಎಂದರು. ಆಮೇಲೆ ಮಾಮಿಯೇ ಓದುವುದು, ಮಾಮ ಕೇಳುವುದು ಎಂದಾಯಿತು. ಕೊನೆಯ ಸುದ್ದಿ ಮಾತ್ರ ಮಾಮನದೇ.

ತನ್ನ ಮನೆಯವರೊಂದಿಗೆ ಉತ್ತಮವಾಗಿ ನಡೆದುಕೊಳ್ಳುವವನೇ ನಿಮ್ಮಲ್ಲಿ ಉತ್ತಮ ಎಂಬ ಅರ್ಥದ ಪ್ರವಾದಿವರ್ಯರ (ಸ) ವಚನವನ್ನು ನಾವು ವೇದಿಕೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ನನಗೆ ಆ ವಚನ ಕೇಳಿದಾಗಲೆಲ್ಲ ಚಿಮಿಣಿ ದೀಪದ ಮುಂದೆ ಸ್ಲೇಟು ಹಿಡಿದು ಕುಳಿತ ಇಬ್ಬರು ವಯಸ್ಸಾದವರು ನೆನಪಾಗುತ್ತಾರೆ.

ಮಾಮ ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಮಯ್ಯತ್ ನೋಡಲು ಲೈನಿನವರೆಲ್ಲ ಬಂದಿದ್ದರು. ವಯಸ್ಸಾದ ಒಬ್ಬ ಹೆಣ್ಣಾಳು ಅಂಗಳದಲ್ಲಿ ನಿಂತು, “ನನ್ನ ಹೆಸರು ಪೂರಾ ಬರ್ದೋರು ಅವರೊಬ್ರೇ” ಎಂದಳು. ಜನಾಜ ಆಯಿತು, ದುಆ ಆಯಿತು, ಜನ ಹೋದರು. ಒಂದು ತಿಂಗಳ ನಂತರ ನಾನು ಮಾಮನ ಬಗ್ಗೆ ಯಾರಾದರೂ ಏನಾದರೂ ಬರೆದಿಟ್ಟಿದ್ದಾರೆಯೇ ಎಂದು ಮನೆಯಲ್ಲಿ ಹುಡುಕಿದೆ. ಸಿಕ್ಕಿದ್ದು ಎರಡು ಹಳೆಯ ಡೈರಿಗಳು. ಅವುಗಳ ತುಂಬ ಗೊಬ್ಬರದ ಲೆಕ್ಕ, ಮಳೆಯ ಇಂಚು. 30 ವರ್ಷ ಪರರ ಹೆಸರು ಬರೆದವರ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ.

ಆತ್ಮೀಯರೇ, ಈ ಬೆಟ್ಟಗಳಲ್ಲಿ ನಮ್ಮವರು ಕಾಫಿ ಕೊಯ್ದಿದ್ದಾರೆ, ಮರ ಸಾಗಿಸಿದ್ದಾರೆ, ಲಾರಿ ಓಡಿಸಿದ್ದಾರೆ, ಸಂತೆಗಳಲ್ಲಿ ಒಣಮೀನು, ಬಟ್ಟೆ ಮಾರಿದ್ದಾರೆ. ಅವರ ಮನೆಗಳಲ್ಲಿ ಎಂಥ ಮಾತುಗಳಾದವು, ಯಾರು ಯಾರನ್ನು ಹೇಗೆ ನಗಿಸಿದರು ಎಂಬುದು ಬರಹದಲ್ಲಿ ಬಂದದ್ದು ಬಹಳ ಕಡಿಮೆ. ಆ ಕೊರತೆಯನ್ನು ತುಂಬಲು ಕೆಲವರು ದುಡಿದಿದ್ದಾರೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಬಂದಾಗ ಕನ್ನಡಕ್ಕೆ ಮುಸ್ಲಿಂ ಮನೆಯ ಒಳಗೋಣೆಯ ದನಿ ಕೇಳಿಸಿತು. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಅವರು ಕರಾವಳಿಯ ನಮ್ಮ ಬದುಕನ್ನು ಕತೆಗಳಲ್ಲಿ ತಂದರು. ಪಕ್ಕದ ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕತೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದವು. ಆದರೆ ಎಲ್ಲ ಕೆಲಸವನ್ನೂ ದೊಡ್ಡ ಲೇಖಕರ ಮೇಲೆ ಹಾಕಿ ನಾವು ಕೈಕಟ್ಟಿ ಕುಳಿತುಕೊಳ್ಳುವುದು ಸರಿಯಲ್ಲ. ಮುಸ್ತಾಫಾನನ್ನು ತೇಜಸ್ವಿ ಬರೆದರು, ಅದು ಅವರ ದೊಡ್ಡತನ. ಮುಸ್ತಾಫಾನ ಮಾವನನ್ನು, ಮುಸ್ತಾಫಾನ ತಾಯಿಯನ್ನು ಬರೆಯಬೇಕಾದವರು ನಾವು.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಈ ರಜೆಯಲ್ಲಿ ಮನೆಗೆ ಹೋದಾಗ ನಿಮ್ಮ ಅಜ್ಜಿಯನ್ನೋ, ಮಾಮಿಯನ್ನೋ, ಚಿಕ್ಕಮ್ಮನನ್ನೋ ಕೂರಿಸಿಕೊಂಡು ಅವರ ಗಂಡ ಎಂಥವರಾಗಿದ್ದರು ಎಂದು ಕೇಳಿ. ಮೊದಲು “ಒಳ್ಳೆಯವರು” ಎಂದಷ್ಟೇ ಹೇಳುತ್ತಾರೆ. ಅಲ್ಲಿಗೆ ನಿಲ್ಲಿಸಬೇಡಿ. ಅವರು ಏನು ಹೇಳಿ ನಗಿಸುತ್ತಿದ್ದರು, ಯಾವಾಗ ಸಿಟ್ಟಾಗುತ್ತಿದ್ದರು, ಯಾರ ಹತ್ತಿರ ತಪ್ಪಾಯಿತು ಎಂದು ಕೇಳಿದ್ದರು ಎಂದು ವಿಚಾರಿಸಿ. ಕೇಳಿದ್ದನ್ನು ಹಾಗೆಯೇ ಬರೆಯಿರಿ. ಭಾಷೆ ಚೆನ್ನಾಗಿಲ್ಲವೆಂದು ಹಿಂಜರಿಯಬೇಡಿ. ನಮ್ಮ ಸಂಸ್ಥೆಯ ಮುಂದಿನ ವರ್ಷದ ಸಂಚಿಕೆಯಲ್ಲಿ ಇಂಥ 10 ಬರಹಗಳಿಗೆ ಜಾಗ ಕೊಡಬೇಕೆಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ. ಹುಡುಗಿಯರು ಹೆಚ್ಚು ಬರೆಯಬೇಕು, ಏಕೆಂದರೆ ಹೆಂಗಸರು ತಮ್ಮ ಮನಸ್ಸಿನ ಮಾತನ್ನು ಅವರ ಹತ್ತಿರವೇ ಹೇಳುತ್ತಾರೆ.

ಮಾಮಿಗೆ ಈಗ ವಯಸ್ಸಾಗಿದೆ. ಕಣ್ಣು ಮಂಜಾದರೂ ಕನ್ನಡಕ ಹಾಕಿಕೊಂಡು ದಿನವೂ ಪೇಪರ್ ಓದುತ್ತಾರೆ. ಕಳೆದ ತಿಂಗಳು ಹೋಗಿದ್ದಾಗ, “ಏನು ಮಾಮಿ, ಏನಿದೆ ಸುದ್ದಿ?” ಎಂದು ಕೇಳಿದೆ. ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟು ಅವರು ಹೇಳಿದರು: “ಎಲ್ಲ ಇದೆ ಮಗಾ. ಕೊನೆಯ ಸುದ್ದಿ ಮಾತ್ರ ಈಗ ಬರೋದಿಲ್ಲ.”

ಆ ಕೊನೆಯ ಸುದ್ದಿಯನ್ನು ನಾನು ಇಂದು ನಿಮ್ಮ ಮುಂದೆ ಓದಿದ್ದೇನೆ. ಅಲ್ಲಾಹನು ನಮ್ಮನ್ನು ಅಗಲಿದ ನಮ್ಮೆಲ್ಲ ಹಿರಿಯರ ತಪ್ಪುಗಳನ್ನು ಕ್ಷಮಿಸಲಿ, ಅವರ ಒಳ್ಳೆಯತನವನ್ನು ನಮ್ಮಲ್ಲಿ ಉಳಿಸಲಿ.